ಮಗನ ಕೈಗೆ ಮೇಳಿಯನ್ನು ಕೊಡುವ ಕಾಲ

ದನದ ಜಾತ್ರೆಗೆ ಹೋದ ರೈತನು ಹೋರಿಯ ವಯಸ್ಸನ್ನು ಮಾರುವವನ ಮಾತಿನಿಂದ ತಿಳಿದುಕೊಳ್ಳುವುದಿಲ್ಲ. ಹೋರಿಯ ತುಟಿಯನ್ನು ಬಿಡಿಸಿ ಹಲ್ಲನ್ನೇ ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ನಮ್ಮ ಹಿರಿಯರು ಏರ್ಪಡಿಸಿಕೊಂಡಿರುವ ಕ್ರಮದಲ್ಲಿ ಯಾವ ಹಂತದ ಹೋರಿಗೆ ಯಾವ ಕೆಲಸವು ಒಪ್ಪುವುದು, ಯಾವುದು ಒಪ್ಪದು ಎಂಬುದು ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ತಂದೆಯೊಡನೆ ಬಂದಿರುವ ಹುಡುಗನಿಗೂ ಗೊತ್ತು. ಇಷ್ಟು ನಿಷ್ಕೃಷ್ಟವಾದ ಗಣನೆಯು ಹೋರಿಯ ಹಗ್ಗವನ್ನು ಹಿಡಿದುಕೊಂಡು ನಿಂತಿರುವ ಆ ಹುಡುಗನ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇಲ್ಲ. ಈತನು ಹುಡುಗತನವನ್ನು ಬಿಟ್ಟು ರೈತನಾಗುವುದು ಯಾವ ವರ್ಷ ಎಂದು ತಂದೆಯನ್ನು ಕೇಳಿದರೆ, “ಅವನಿನ್ನೂ ಹುಡುಗ, ಸ್ವಾಮಿ” ಎಂಬ ಉತ್ತರವು ಬರುವುದು. ಮಗನು ಹದಿನೈದು ವರ್ಷದವನಾಗಿದ್ದರೂ ಅದೇ ಉತ್ತರ; ಮೂವತ್ತೈದು ವರ್ಷದವನಾಗಿ, ಎರಡು ಮಕ್ಕಳ ತಂದೆಯಾಗಿದ್ದರೂ ಅದೇ ಉತ್ತರ.

ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ಕೀಟಬಾಧೆ ಮುಂತಾದ ವಿಷಯಗಳೇ ಬರುವುದು ವಾಡಿಕೆ. ಆದರೆ ಆ ಬೀಜವನ್ನು ಮುಂದಿನ ಇಪ್ಪತ್ತು ವರ್ಷ ಬಿತ್ತತಕ್ಕವನು ಯಾರು, ಅವನು ಹೇಗೆ ಸಿದ್ಧನಾಗುತ್ತಿದ್ದಾನೆ ಎಂಬ ಪ್ರಶ್ನೆಯು ಇವುಗಳಿಗಿಂತ ಕಡಮೆಯದಲ್ಲವಾದುದರಿಂದ, ಊರ ಮುಖಂಡರೂ ಜಮೀನುದಾರರೂ ಆದ ವಾಚಕರ ಮುಂದೆ ಈ ವಿಷಯವನ್ನು ಇಡಲು ಯತ್ನಿಸುವೆನು.

ಕಾನೂನಿನ ಪ್ರಕಾರ ಮನುಷ್ಯನು ದೊಡ್ಡವನಾಗುವುದು ಯಾವಾಗ ಎಂದರೆ ಅದಕ್ಕೂ ಒಂದೇ ಉತ್ತರವಿಲ್ಲ. ೧೮೭೫ರ ಪ್ರಾಪ್ತವಯಸ್ಸಿನ ಕಾಯಿದೆಯಂತೆ ಸಾಮಾನ್ಯವಾಗಿ ೧೮ ವರ್ಷ ತುಂಬಿದವನು ಪ್ರಾಪ್ತವಯಸ್ಕನು. ಕರಾರು ಮಾಡಿಕೊಳ್ಳುವ ಹಕ್ಕು ಅವನಿಗೆ ಅಂದಿನಿಂದ ಬರುವುದು. ಮತ ಕೊಡುವ ಹಕ್ಕು ಮೊದಲು ೨೧ಕ್ಕೆ ಇದ್ದುದು ೧೯೮೯ರಲ್ಲಿ ೧೮ಕ್ಕೆ ಇಳಿಯಿತು. ವಿವಾಹದ ವಿಷಯದಲ್ಲಿ ೧೯೨೯ರ ಕಾಯಿದೆಯು ಗಂಡಿಗೆ ೧೮ ವರ್ಷವನ್ನು ನಿಗದಿ ಮಾಡಿತ್ತು. ೧೯೭೮ರಲ್ಲಿ ಅದು ೨೧ಕ್ಕೆ ಏರಿತು. ಗ್ರಾಮ ಪಂಚಾಯಿತಿಯ ಚುನಾವಣೆಗೆ ನಿಲ್ಲಲು ೨೧ ವರ್ಷ ತುಂಬಿರತಕ್ಕದ್ದು. ಇವೆಲ್ಲಕ್ಕಿಂತ ಹಳೆಯದಾದ ಮತ್ತೊಂದು ನಿಯಮವು ನಮ್ಮ ನಾಡಿನಲ್ಲಿಯೇ ಬರೆಯಲ್ಪಟ್ಟಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರ’ದಲ್ಲಿ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ನಿರ್ಣಯಿಸಿದನು. ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬಗಳು ಶತಮಾನಗಳ ಕಾಲ ಈ ನಿರ್ಣಯದಂತೆಯೇ ನಡೆದುಬಂದವು. ಹೆಣ್ಣುಮಕ್ಕಳಿಗೂ ಈ ಹಕ್ಕು ಕರ್ನಾಟಕದಲ್ಲಿ ೧೯೯೪ರ ತಿದ್ದುಪಡಿಯಿಂದ ಒಂದು ಮಟ್ಟಿಗೂ, ೨೦೦೫ರ ಕೇಂದ್ರ ತಿದ್ದುಪಡಿಯಿಂದ ಪೂರ್ಣವಾಗಿಯೂ ಬಂದಿರುವುದನ್ನು ವಾಚಕರು ಬಲ್ಲರು.

ಹೀಗೆ ಹಕ್ಕು ಹುಟ್ಟಿದಂದೇ ಬರುವುದು. ಕಾನೂನಿನ ಹೊಣೆ ಹದಿನೆಂಟಕ್ಕೆ ಬರುವುದು. ಆದರೆ ಮನೆಯ ಹೊಣೆ ಮಾತ್ರ ತಂದೆಯು ಕಣ್ಣು ಮುಚ್ಚಿದ ದಿವಸ ಬರುವುದು. ನನ್ನ ಅಭಿಪ್ರಾಯದಲ್ಲಿ ನಮ್ಮ ಬೇಸಾಯದ ಅನೇಕ ಕಷ್ಟಗಳು ಈ ಅಂತರದಲ್ಲಿಯೇ ಹುಟ್ಟುತ್ತವೆ.

ತುಮಕೂರು ಸೀಮೆಯಲ್ಲಿ ನಾನು ಬಲ್ಲ ಒಂದು ಮನೆಯ ಸಂಗತಿಯನ್ನು ಹೇಳುವೆನು. ಯಜಮಾನರಿಗೆ ಹನ್ನೊಂದು ಎಕರೆ ಜಮೀನು. ಅದರಲ್ಲಿ ನಾಲ್ಕು ಎಕರೆ ತೆಂಗಿನ ತೋಟ, ಉಳಿದುದು ರಾಗಿಯ ಹೊಲ. ಅವರು ಹಸ್ತದ ಮಳೆಯ ಕಾಲದಲ್ಲಿ, ಒಂದು ಸಂಜೆ ತೋಟದಿಂದ ಬಂದು ಜಗಲಿಯ ಮೇಲೆ ಕುಳಿತವರು ಮೇಲಕ್ಕೆ ಏಳಲಿಲ್ಲ. ಮಗನಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಸೋಮಾರಿಯಲ್ಲ, ದುಶ್ಚಟಗಳಿಲ್ಲ, ಹೂಡುವುದು, ಹರಗುವುದು, ಕಾಯಿ ಕೀಳಿಸುವುದು ಎಲ್ಲವೂ ಚೆನ್ನಾಗಿ ಬರುತ್ತಿತ್ತು. ಆದರೆ ಹದಿಮೂರನೆಯ ದಿನ ಕಳೆದ ಮೇಲೆ ಒಬ್ಬೊಬ್ಬರಾಗಿ ಜನರು ಬರತೊಡಗಿದರು. ಒಬ್ಬನು ಕೈಸಾಲದ ಚೀಟಿಯನ್ನು ತಂದನು. ಆ ಸಾಲದ ಎಷ್ಟು ಭಾಗವು ತೀರಿತ್ತೆಂಬುದು ಸತ್ತವರಿಗೆ ಮಾತ್ರ ಗೊತ್ತಿತ್ತು. ಸಹಕಾರ ಸಂಘದ ಬೆಳೆಸಾಲದ ವಾಯಿದೆಯು ಮುಗಿದಿತ್ತು. ಬಡ್ಡಿಯ ರಿಯಾಯಿತಿಯು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರವೆಂಬುದನ್ನು ಆತನು ಅಂದೇ ಮೊದಲು ಕೇಳಿದುದು. ಕೊಳವೆಬಾವಿಯ ವಿದ್ಯುತ್ ಸಂಪರ್ಕವು ತಾತನ ಹೆಸರಿನಲ್ಲಿಯೇ ಉಳಿದಿತ್ತು. ಪಡುವಣ ದಿಕ್ಕಿನ ಬಾಂದುಕಲ್ಲು ಎಲ್ಲಿತ್ತೆಂಬುದನ್ನು ನೆರೆಯವನು ಹೇಳಿದನು. ಅವನು ಹೇಳಿದುದನ್ನು ಒಪ್ಪದೆ ಇರಲು ಈತನಲ್ಲಿ ಯಾವ ಆಧಾರವೂ ಇರಲಿಲ್ಲ. ಮಾರನೆಯ ವರ್ಷ ಎರಡು ಎಕರೆ ಹೊಲ ಮಾರಿಹೋಯಿತು. ಆತನ ಕೈಗೆ ಕೆಲಸವು ಬಂದಿತ್ತು, ಆಡಳಿತವು ಬಂದಿರಲಿಲ್ಲ. ಇದು ಆತನ ತಪ್ಪೆಂದು ಊರಿನವರು ಆಡಿಕೊಂಡರು. ನಾನು ಹಾಗೆ ಹೇಳಲಾರೆ.

ಹಿಂದಿನ ಕಾಲದಲ್ಲಿಯೂ ಯಜಮಾನಿಕೆಯು ಹಿರಿಯನ ಕೈಯಲ್ಲಿಯೇ ಇರಲಿಲ್ಲವೇ, ಆಗ ಇಲ್ಲದ ಕಷ್ಟವು ಈಗೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಆಗ ಹುಡುಗನು ದಿನವೆಲ್ಲ ತಂದೆಯ ಬೆನ್ನ ಹಿಂದೆಯೇ ಇರುತ್ತಿದ್ದನು. ತಂದೆಯು ಕಲಿಸಬೇಕೆಂದು ಕಲಿಸದಿದ್ದರೂ ಮಗನು ನೋಡಿಯೇ ಕಲಿಯುತ್ತಿದ್ದನು. ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುವ ವ್ಯಾಪಾರದ ಗುಟ್ಟು ಅವನಿಗೆ ತಿಳಿಯುತ್ತಿದ್ದುದು ಹಾಗೆಯೇ. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ೧೯೬೧ರ ಕಾಯಿದೆಯಂತೆ ೧೯೬೩ರಲ್ಲಿ ಕೊನೆಗಾಣುವವರೆಗೆ ಪಟೇಲರ ಮಗನು ಕಂದಾಯದ ವಸೂಲಿಯ ಹೊತ್ತಿನಲ್ಲಿ ತಂದೆಯ ಪಕ್ಕದಲ್ಲಿ ಕುಳಿತು, ಶಾನುಭೋಗರ ಮಗನು ಖಿರ್ದಿಯ ನಕಲು ಬರೆದು ತಮ್ಮ ಕೆಲಸವನ್ನು ಕಲಿಯುತ್ತಿದ್ದರು. ಆ ಪದ್ಧತಿಯ ದೋಷಗಳೇನೇ ಇರಲಿ, ಕಲಿಸುವ ಕ್ರಮವು ಅದರಲ್ಲಿ ಇದ್ದಿತು. ಈಗ ಹುಡುಗನು ಹದಿನೆಂಟು ಇಪ್ಪತ್ತು ವರ್ಷದವರೆಗೆ ಪಾಠಶಾಲೆ ಕಾಲೇಜುಗಳಲ್ಲಿ ಇರುವನು. ಇದು ಬಹಳ ಒಳ್ಳೆಯದು. ಯಾರೂ ಇದನ್ನು ಹಿಂದಕ್ಕೆ ತಿರುಗಿಸಬೇಕೆನ್ನಲಾರರು. ಆದರೆ ನೋಡಿ ಕಲಿಯುವ ಅವಕಾಶವು ಹೋದ ಮೇಲೆ ಹೇಳಿ ಕಲಿಸುವ ಹೊಣೆಯು ತಂದೆಯ ಮೇಲೆ ಬಿದ್ದಿದೆ. ತಂದೆಯು ಅದನ್ನು ಇನ್ನೂ ಹೊತ್ತಿಲ್ಲ.

ಜಮೀನಿನ ಮಾತೂ ಹಾಗೆಯೇ. ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣವು ೧೯೭೦–೭೧ರ ಕೃಷಿ ಗಣತಿಯಲ್ಲಿ ೨.೨೮ ಹೆಕ್ಟೇರ್ ಇದ್ದುದು ೨೦೧೫–೧೬ರ ಗಣತಿಯ ಹೊತ್ತಿಗೆ ೧.೦೮ಕ್ಕೆ ಇಳಿದಿತ್ತು. ಕರ್ನಾಟಕದಲ್ಲಿ ಆ ಗಣತಿಯಂತೆ ೧.೩೬ ಹೆಕ್ಟೇರ್, ಎಂದರೆ ಮೂರೂಕಾಲು ಎಕರೆಯ ಸುಮಾರು. ದೊಡ್ಡ ಹಿಡುವಳಿಯು ಒಂದೆರಡು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಮೂರು ಎಕರೆಯ ಹಿಡುವಳಿಗೆ ಆ ಶಕ್ತಿಯಿಲ್ಲ. ೨೦೦೩ರಲ್ಲಿ ಕೇಂದ್ರ ಸರ್ಕಾರವು ನಡೆಸಿದ ರೈತರ ಸ್ಥಿತಿಗತಿಗಳ ಸಮೀಕ್ಷೆಯಲ್ಲಿ, ಬೇರೆ ದಾರಿಯಿದ್ದರೆ ಬೇಸಾಯವನ್ನು ಬಿಡುವೆವು ಎಂದವರು ನೂರಕ್ಕೆ ನಲವತ್ತು ಮಂದಿ. ೨೦೨೩ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಅವರಲ್ಲಿ ಬೇಸಾಯಗಾರರೇ ಹೆಚ್ಚು, ತಮಗೆ ಕನ್ಯೆ ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ ಸುದ್ದಿಯನ್ನು ಓದಿ ನಕ್ಕವರುಂಟು. ಅದರಲ್ಲಿ ನಗತಕ್ಕದ್ದೇನೂ ಇಲ್ಲ. ಕನ್ಯಾಪಿತೃಗಳು ಕಾರಣಗಳನ್ನು ಹಲವು ಹೇಳುವರು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿ ಹೇಳುವೆನು. ಮೂವತ್ತು ವರ್ಷವಾದರೂ ತಂದೆಯ ಮುಂದೆ ನೂರು ರೂಪಾಯಿಗೆ ಕೈಯೊಡ್ಡುವವನಿಗೆ, ಅವನ ಮನೆಗೆ ಎಷ್ಟೇ ಎಕರೆ ಇರಲಿ, ಯಾರು ಧೈರ್ಯವಾಗಿ ಮಗಳನ್ನು ಕೊಡುವರು? ಪಟ್ಟಣದಲ್ಲಿ ಕಾವಲುಗಾರನಾಗಿರುವವನಾದರೂ ತಿಂಗಳ ಕೊನೆಗೆ ತನ್ನದೆಂಬ ಸಂಬಳವನ್ನು ತರುವನು.

ಇನ್ನು ಪರಿಹಾರದ ಮಾತು. ಹೋರಿಯನ್ನು ಪಳಗಿಸುವ ಕ್ರಮವನ್ನು ವಾಚಕರು ನನಗಿಂತ ಚೆನ್ನಾಗಿ ಬಲ್ಲರು. ಎರಡು ಹಲ್ಲಾದ ಹೋರಿಯನ್ನು ಯಾವ ರೈತನೂ ಮೊದಲನೆಯ ದಿನವೇ ತುಂಬಿದ ಗಾಡಿಗೆ ಕಟ್ಟುವುದಿಲ್ಲ. ಬರಿಯ ನೊಗವನ್ನು ಹೊರಿಸಿ ನಡೆಸುವನು; ಕೆಲವು ದಿನ ಹಗುರವಾದ ಕೊರಡನ್ನು ಎಳೆಸುವನು; ಪಳಗಿದ ಮುದಿ ಎತ್ತನ್ನು ಜೊತೆಗೆ ಹೂಡಿ ಕುಂಟೆಗೆ ಬಿಡುವನು; ನೇಗಿಲೂ ಗಾಡಿಯೂ ಆಮೇಲೆ. ಹೋರಿಯು ಸಾಲು ತಪ್ಪಿದರೆ ಅದೇ ದಿನ ಅದನ್ನು ಕೊಟ್ಟಿಗೆಗೆ ಕಟ್ಟಿ, ‘ಇದು ಕೆಲಸಕ್ಕೆ ಬಾರದು’ ಎಂದು ಹತ್ತು ವರ್ಷ ಸುಮ್ಮನೆ ಮೇಯಿಸುವವನನ್ನು ನಾವು ಕಂಡಿಲ್ಲ. ಮಗನ ವಿಷಯದಲ್ಲಿ ಮಾಡುತ್ತಿರುವುದು ಎರಡು ಬಗೆಯ ತಪ್ಪು: ಮೈಯ ಭಾರವನ್ನು ವಯಸ್ಸಿಗೆ ಮುಂಚೆ ಹೊರಿಸುವುದು, ಬುದ್ಧಿಯ ಭಾರವನ್ನು ವಯಸ್ಸು ಮೀರಿದರೂ ಹೊರಿಸದಿರುವುದು.

ಮೈಯ ಭಾರದ ವಿಷಯವನ್ನು ಮೊದಲು ಹೇಳುವೆನು. ಗಂಡುಹುಡುಗನು ಹದಿಮೂರು ಹದಿನಾಲ್ಕನೆಯ ವರ್ಷದ ಸುಮಾರಿನಲ್ಲಿ ಅತ್ಯಂತ ವೇಗವಾಗಿ ಎತ್ತರ ಬೆಳೆಯುವನು. ಎತ್ತರವು ಮೊದಲು ಬಂದು, ಸ್ನಾಯುಗಳ ಬಲವು ಅದರ ಹಿಂದೆ ಬರುವುದು. ಎಲುಬುಗಳ ತುದಿಯಲ್ಲಿರುವ ಬೆಳೆಯುವ ಭಾಗಗಳು ಗಟ್ಟಿಯಾಗುವುದಕ್ಕೆ ಹದಿನೆಂಟು ವರ್ಷದವರೆಗೆ, ಕೆಲವು ಕಡೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಆದುದರಿಂದ ತಂದೆಯ ಎತ್ತರಕ್ಕೆ ಬಂದ ಹದಿನೈದು ವರ್ಷದ ಹುಡುಗನು ನೋಡುವುದಕ್ಕೆ ಆಳಿನಂತೆ ಕಂಡರೂ, ಕ್ವಿಂಟಾಲಿನ ಚೀಲವನ್ನು ಬೆನ್ನ ಮೇಲೆ ಹೊರತಕ್ಕವನಲ್ಲ. ಊರ ಮುಂದಿನ ಗುಂಡುಕಲ್ಲನ್ನು ಎತ್ತಿದವನೇ ಗಂಡಸು ಎಂಬ ಹಳೆಯ ಪಂದ್ಯವೂ, ಬಡಗಣ ಜಿಲ್ಲೆಗಳ ಸಂಗ್ರಾಣಿ ಕಲ್ಲಿನ ಪಂದ್ಯವೂ ಪೂರ್ಣ ಬೆಳೆದ, ಅಭ್ಯಾಸವಿರುವ ತರುಣರಿಗೆ ಶೋಭೆ, ಹುಡುಗರಿಗಲ್ಲ. ಬೆಳೆಯುವ ಈ ವಯಸ್ಸಿನಲ್ಲಿ ಬರಿಯ ಮುದ್ದೆ ಸಾರು ಸಾಲದು. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಹುಡುಗರಿಗೆ ಕರಿಯ ಚಹ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ. ಅವರೆ, ಹುರುಳಿ, ಹೆಸರು ಮುಂತಾದ ಬೇಳೆಕಾಳುಗಳೂ ಸೊಪ್ಪೂ ಮನೆಯ ಹಾಲಿನ ಒಂದು ಪಾಲೂ ಬೆಳೆಯುವ ಮಕ್ಕಳಿಗೆ, ಹುಡುಗರಿಗೆ ಹೇಗೋ ಹುಡುಗಿಯರಿಗೂ ಹಾಗೆಯೇ, ಮೀಸಲಿರತಕ್ಕದ್ದು.

ಕಾನೂನೂ ಇದಕ್ಕೆ ಅನುಗುಣವಾಗಿದೆ. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಆದ ತಿದ್ದುಪಡಿಯಂತೆ, ೧೪ ವರ್ಷ ತುಂಬದ ಮಗುವು ಪಾಠಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜಾದಿನಗಳಲ್ಲಿ ತನ್ನ ಮನೆಯವರ ಕೆಲಸಕ್ಕೆ ನೆರವಾಗಬಹುದು. ಆ ಕೆಲಸವು ಅಪಾಯಕರವಾಗಿರಕೂಡದು. ಹದಿನೆಂಟು ತುಂಬದವನು ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರ್ ನಡೆಸುವಂತಿಲ್ಲ. ೨೦೧೯ರ ತಿದ್ದುಪಡಿಯಿಂದ, ಅಂಥ ತಪ್ಪಿಗೆ ಪೋಷಕನು ಅಥವಾ ವಾಹನದ ಒಡೆಯನು ೨೫,೦೦೦ ರೂಪಾಯಿ ಜುಲ್ಮಾನೆಗೂ ಮೂರು ವರ್ಷದವರೆಗಿನ ಸಜೆಗೂ ಗುರಿಯಾಗಬಹುದು. ಕೀಟನಾಶಕವನ್ನು ಕಲಸುವುದು, ಸಿಂಪಡಿಸುವುದು, ಪಂಪಿನ ವಿದ್ಯುತ್ ಪೆಟ್ಟಿಗೆಯನ್ನು ಬಿಚ್ಚುವುದು, ಒಕ್ಕಣೆ ಯಂತ್ರದ ಬಾಯಿಗೆ ತೆನೆ ಕೊಡುವುದು, ಇವುಗಳಿಗೆ ಹುಡುಗರನ್ನು ಎಂದಿಗೂ ಬಿಡಬೇಡಿರಿ. ೨೦೧೭ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಸಿಂಪಡಣೆ ಮಾಡುತ್ತಿದ್ದವರು ವಿಷವೇರಿ ಸತ್ತುದನ್ನು ಮರೆಯಬಾರದು. ಅವರು ಕೆಲಸ ಬಲ್ಲ ದೊಡ್ಡವರಾಗಿದ್ದರು.

ಬುದ್ಧಿಯ ಭಾರದ ಮಾತು ಬೇರೆ. ಹೊಣೆಯನ್ನು ಹೊರುವ ವಿವೇಕವು ಇಪ್ಪತ್ತೈದನೆಯ ವರ್ಷದ ಸುಮಾರಿನವರೆಗೂ ಬಲಿಯುತ್ತಲೇ ಇರುವುದೆಂದು ಮೆದುಳಿನ ಬೆಳವಣಿಗೆಯನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಇದನ್ನು ಕೇಳಿ, ‘ಹಾಗಾದರೆ ಇಪ್ಪತ್ತೈದಾಗಲಿ, ಆಮೇಲೆ ನೋಡೋಣ’ ಎನ್ನುವವರು ತಪ್ಪು ತಿಳಿದವರು. ಈಜು ಬಂದ ಮೇಲೆ ನೀರಿಗಿಳಿಯುವೆನೆಂದವನಿಗೆ ಈಜು ಬಂದುದುಂಟೇ? ಸಣ್ಣ ಹೊಣೆಯನ್ನು ಹೊತ್ತವನಿಗೇ ದೊಡ್ಡದನ್ನು ಹೊರುವ ಶಕ್ತಿ ಬರುವುದು. ಸಣ್ಣದರಲ್ಲಿ ತಪ್ಪಿದರೆ ಮನೆ ಮುಳುಗುವುದಿಲ್ಲವೆಂಬುದೇ ಅದರ ಅನುಕೂಲ.

ಈ ತತ್ತ್ವವನ್ನು ಬೇಸಾಯದಲ್ಲಿಯೇ ಪ್ರಯೋಗಿಸಿ ನೋಡಿದ ಒಂದು ನಿದರ್ಶನವು ಅಮೆರಿಕಾ ದೇಶದಲ್ಲಿ ದೊರೆಯುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ದಕ್ಷಿಣ ಸಂಸ್ಥಾನಗಳ ಹೊಲಗಳು ಸವೆದುಹೋಗಿದ್ದವು. ಕೃಷಿ ಇಲಾಖೆಯವರು ಹೊಸ ಕ್ರಮಗಳನ್ನು ಎಷ್ಟು ಹೇಳಿದರೂ ಹಿರಿಯ ರೈತರಲ್ಲಿ ಹಲವರು ಕೇಳಲೊಲ್ಲರು. ೧೯೦೭ರಲ್ಲಿ ಮಿಸಿಸಿಪಿ ಸಂಸ್ಥಾನದ ಹೋಮ್ಸ್ ಕೌಂಟಿಯಲ್ಲಿ ಡಬ್ಲ್ಯು. ಹೆಚ್. ಸ್ಮಿತ್ ಎಂಬ ಪಾಠಶಾಲೆಗಳ ಮೇಲ್ವಿಚಾರಕರು ರೈತರ ಗಂಡುಮಕ್ಕಳ ಜೋಳದ ಸಂಘವೊಂದನ್ನು ಏರ್ಪಡಿಸಿದರು. (ಅಲ್ಲಿ ಜೋಳವೆಂದರೆ ನಮ್ಮ ಮುಸುಕಿನ ಜೋಳ.) ಕೃಷಿ ಇಲಾಖೆಯ ಪರವಾಗಿ ಸೀಮನ್ ನ್ಯಾಪ್ ಎಂಬ ವೃದ್ಧ ಕೃಷಿತಜ್ಞರು ಇದಕ್ಕೆ ಬೆಂಬಲ ಕೊಟ್ಟು ಇತರ ಸಂಸ್ಥಾನಗಳಿಗೂ ಹರಡಿದರು. ಏರ್ಪಾಟು ಬಹಳ ಸರಳವಾಗಿತ್ತು. ತಂದೆಯು ಮಗನಿಗೆ ಒಂದು ಎಕರೆಯನ್ನು ಬಿಟ್ಟುಕೊಡಬೇಕು. ಹುಡುಗನು ಅದನ್ನು ತಾನೇ ಸಾಗುವಳಿ ಮಾಡಬೇಕು. ಖರ್ಚು ಹುಟ್ಟುವಳಿಗಳ ಲೆಕ್ಕವನ್ನು ತಾನೇ ಬರೆಯಬೇಕು.

೧೯೧೦ರಲ್ಲಿ ದಕ್ಷಿಣ ಕೆರೊಲೈನಾದ ಜೆರಿ ಮೂರ್ ಎಂಬ ಹದಿನೈದು ವರ್ಷದ ಹುಡುಗನು ತನ್ನ ಒಂದು ಎಕರೆಯಲ್ಲಿ ೨೨೮ ಮುಕ್ಕಾಲು ಬುಷೆಲ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ೫೮ ಕ್ವಿಂಟಾಲು ಜೋಳವನ್ನು ಬೆಳೆದನು. ಅವನ ಸೀಮೆಯ ಸಾಮಾನ್ಯ ಹುಟ್ಟುವಳಿಯು ಆಗ ಎಕರೆಗೆ ೨೦ ಬುಷೆಲನ್ನೂ ಮುಟ್ಟುತ್ತಿರಲಿಲ್ಲ. ಆ ಹುಡುಗನ ಹೊಲವನ್ನು ಕಂಡ ಮೇಲೆ ಹಿರಿಯರಿಗೆ ಉಪನ್ಯಾಸವು ಬೇಕಾಗಲಿಲ್ಲ. ಆದರೆ ಈ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದುದು ಆ ದೊಡ್ಡ ಅಂಕಿಯಲ್ಲ. ಬಹುಮಾನಕ್ಕಾಗಿ ಗೊಬ್ಬರವನ್ನು ಸುರಿದು ಒಂದು ಎಕರೆಯಲ್ಲಿ ಅದ್ಭುತವನ್ನು ತೋರಿಸುವುದು ಕಷ್ಟವಲ್ಲ. ಆ ಸಂಘಗಳವರು ಬಹುಮಾನಕ್ಕೆ ಗುಣಗಳನ್ನು ಹಂಚಿದ ರೀತಿಯನ್ನು ನೋಡಬೇಕು: ನೂರರಲ್ಲಿ ಹುಟ್ಟುವಳಿಗೆ ಮೂವತ್ತು, ಲಾಭಕ್ಕೆ ಮೂವತ್ತು, ಆರಿಸಿ ತಂದ ಹತ್ತು ತೆನೆಗಳ ಮಾದರಿಗೆ ಇಪ್ಪತ್ತು, ಬೆಳೆಯನ್ನು ಬೆಳೆದ ಬಗೆಯನ್ನು ಹುಡುಗನು ತಾನೇ ಬರೆದ ವೃತ್ತಾಂತಕ್ಕೆ ಇಪ್ಪತ್ತು. ಲಾಭಕ್ಕೂ ಬರೆಹಕ್ಕೂ ಸೇರಿ ಅರ್ಧ ಗುಣಗಳು! ಹೊಲವನ್ನು ಬೆಳೆಸುವ ನೆವದಿಂದ ಯಜಮಾನನನ್ನು ಬೆಳೆಸುತ್ತಿದ್ದರು. ಇದೇ ಮುಂದೆ ‘ಫೋರ್ ಹೆಚ್’ ಎಂಬ ಹೆಸರಿನ ದೊಡ್ಡ ಸಂಸ್ಥೆಯಾಗಿ ಬೆಳೆದು ಹಲವು ದೇಶಗಳಿಗೆ ಹರಡಿತು.

ನಮ್ಮಲ್ಲಿ ಇಂಥ ಪ್ರಯತ್ನಗಳು ನಡೆಯಲೇ ಇಲ್ಲವೆಂದಲ್ಲ. ಹೆಬ್ಬಾಳದಲ್ಲಿ ೧೯೧೩ರಲ್ಲಿಯೇ ಮೈಸೂರು ಸರ್ಕಾರದವರು ವ್ಯವಸಾಯದ ಪಾಠಶಾಲೆಯನ್ನು ತೆರೆದರು. ೧೯೪೬ರಲ್ಲಿ ಅಲ್ಲಿ ಕಾಲೇಜು ಸ್ಥಾಪಿತವಾಯಿತು. ಡೆನ್ಮಾರ್ಕ್ ದೇಶದಲ್ಲಿ ೧೮೪೪ರಿಂದ ರೈತರ ತರುಣರಿಗಾಗಿ ಚಳಿಗಾಲದ ಬಿಡುವಿನಲ್ಲಿ ನಡೆಯುತ್ತಿದ್ದ ಜನತಾ ಪಾಠಶಾಲೆಗಳ ಮಾದರಿಯಲ್ಲಿ, ೧೯೪೭ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವು ಆರಂಭವಾಯಿತು. ೧೯೭೪ರಲ್ಲಿ ಪಾಂಡಿಚೇರಿಯಲ್ಲಿ ಮೊದಲನೆಯದು ತೆರೆದ ಕೃಷಿ ವಿಜ್ಞಾನ ಕೇಂದ್ರಗಳು ಇಂದು ಜಿಲ್ಲೆ ಜಿಲ್ಲೆಗಳಲ್ಲಿಯೂ ತರುಣರಿಗೆ ತರಬೇತಿ ಕೊಡುತ್ತಿವೆ. ಇವೆಲ್ಲ ಉಪಯುಕ್ತವಾದುವೇ. ಆದರೆ ತರಬೇತಿಯನ್ನು ಪಡೆದು ಉತ್ಸಾಹದಿಂದ ಮನೆಗೆ ಬಂದ ಹುಡುಗನಿಗೆ ತಂದೆಯು ಹತ್ತು ಗುಂಟೆಯನ್ನೂ ಬಿಟ್ಟುಕೊಡದಿದ್ದರೆ, ಅವನು ಕಲಿತುದನ್ನು ಎಲ್ಲಿ ಬಿತ್ತಬೇಕು?

ಹಾಸನದ ಕಡೆ ನನಗೆ ಪರಿಚಿತರಾದ ಒಬ್ಬ ಜಮೀನುದಾರರು ಮಗನಿಗೆ ಹದಿನಾರು ತುಂಬಿದ ವರ್ಷ ಮನೆಯ ಹಿಂದಿನ ಅರ್ಧ ಎಕರೆಯನ್ನು ಬಿಟ್ಟುಕೊಟ್ಟರು. ನಿಬಂಧನೆಗಳು ಮೂರು. ಓದಿಗೆ ಅಡ್ಡಿಯಾಗಕೂಡದು, ಮನೆಯಿಂದ ತೆಗೆದುಕೊಂಡ ಬೀಜ, ಗೊಬ್ಬರ, ಎತ್ತಿನ ಬಾಡಿಗೆ ಎಲ್ಲವನ್ನೂ ಸಾಲವೆಂದು ಬರೆಯಬೇಕು, ಬಂದ ಹಣವು ಪೂರಾ ಅವನದು. ಹುಡುಗನು ಮೊದಲನೆಯ ವರ್ಷ ಹಿರಿಯರ ಮಾತನ್ನು ಕೇಳದೆ ಟೊಮೇಟೊ ಹಾಕಿದನು. ಬೆಳೆ ಚೆನ್ನಾಗಿಯೇ ಬಂದಿತು, ಬೆಲೆ ಬರಲಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದೆಂದು ಕಡೆಯ ಹಣ್ಣುಗಳನ್ನು ಗಿಡದಲ್ಲಿಯೇ ಬಿಟ್ಟನು. ಅಜ್ಜಿಯು ಆ ಸಾಲವನ್ನು ಬಿಟ್ಟುಬಿಡುವಂತೆ ಮಗನಿಗೆ ಹೇಳಿಕೊಂಡರು. ತಂದೆಯು ಬಯ್ಯಲೂ ಇಲ್ಲ, ಸಾಲವನ್ನು ಬಿಡಲೂ ಇಲ್ಲ. “ಬರೆದಿಟ್ಟೆಯೇನಪ್ಪಾ?” ಎಂದು ಮಾತ್ರ ಕೇಳಿದರು. ಎರಡನೆಯ ವರ್ಷ ಹುಡುಗನು ತಾನಾಗಿಯೇ ಬಂದು, ಯಾವುದನ್ನು ಹಾಕಿದರೆ ಒಳ್ಳೆಯದೆಂದು ತಂದೆಯನ್ನು ಕೇಳಿದನು. ಅವರು ಹೇಳಿದಂತೆ ರಾಗಿಯನ್ನು ಬಿತ್ತಿ, ಅಕ್ಕಡಿ ಸಾಲಿಗೆ ಅವರೆಯನ್ನು ಹಾಕಿ ಹಳೆಯ ಸಾಲದಲ್ಲಿ ಒಂದು ಪಾಲನ್ನು ತೀರಿಸಿದನು. ಹೀಗೆ ಕೇಳಲು ಬಂದ ಮಗನಿಗೂ, ಕೇಳದೆಯೇ ಉಪದೇಶವನ್ನು ಸಹಿಸುವ ಮಗನಿಗೂ ಇರುವ ಭೇದವು ತಂದೆಯಾದವರಿಗೆಲ್ಲ ತಿಳಿದುದೇ. ಆ ಜಮೀನುದಾರರು ನನ್ನೊಡನೆ ಹೇಳಿದ ಒಂದು ಮಾತುಂಟು: ಬಾಯಿಯನ್ನು ಮುಚ್ಚಿಕೊಂಡು ಬೇಲಿಯ ಈಚೆ ನಿಲ್ಲುವುದು ತಮ್ಮ ಆಯುಸ್ಸಿನಲ್ಲಿ ಮಾಡಿದ ಬೇಸಾಯಕ್ಕಿಂತ ಕಷ್ಟವಾಗಿತ್ತಂತೆ.

ಜಮೀನು ಸಾಲದ ಮನೆಯಲ್ಲಿ ಒಂದು ಹಸುವಿನ ಲೆಕ್ಕವನ್ನು ಒಪ್ಪಿಸಬಹುದು. ಹಿಂಡಿ, ಬೂಸ, ಔಷಧದ ಖರ್ಚು ಒಂದು ಕಡೆ, ಹಾಲಿನ ಬಟವಾಡೆ ಒಂದು ಕಡೆ ಬರೆದರೆ, ಹಸುವು ಲಾಭದಲ್ಲಿದೆಯೇ ಎಂಬ ಸಂಗತಿಯು ಬಹಳ ಮನೆಗಳಲ್ಲಿ ಮೊದಲ ಬಾರಿಗೆ ಹೊರಬೀಳುವುದು. ಹತ್ತು ವರ್ಷ ತುಂಬಿದ ಮಕ್ಕಳು ಬ್ಯಾಂಕಿನಲ್ಲಿ ಉಳಿತಾಯದ ಖಾತೆಯನ್ನು ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು ೨೦೧೪ರಲ್ಲಿ ಅನುಮತಿಯಿತ್ತಿದೆ. ಬಂದ ಲಾಭವನ್ನು ಹುಡುಗನು ತನ್ನ ಖಾತೆಗೇ ಕಟ್ಟಲಿ. ಹೆಣ್ಣುಮಗಳು ಮುಂದೆ ಬಂದರೆ ಅವಳಿಗೂ ಇದೇ ಪುಸ್ತಕ, ಇದೇ ಕ್ರಮ.

ಹದಿನೆಂಟು ತುಂಬಿದ ಮೇಲೆ ಹೊಲದ ಕೆಲಸಕ್ಕಿಂತ ಕಾಗದದ ಕೆಲಸವನ್ನು ಕಲಿಸುವುದು ಹೆಚ್ಚು ಅವಶ್ಯ. ಪಹಣಿಯನ್ನು ತರಲು ಮಗನನ್ನೇ ಕಳುಹಿಸಿರಿ. ತಂದ ಮೇಲೆ ಇಬ್ಬರೂ ಕುಳಿತು ಓದಿರಿ. ೯ನೆಯ ಅಂಕಣದಲ್ಲಿ ಯಾರ ಹೆಸರಿದೆ, ಅದು ಬದುಕಿರುವವರ ಹೆಸರೇ. ೧೧ನೆಯ ಅಂಕಣದಲ್ಲಿ ಯಾವ ಋಣವು ನಮೂದಾಗಿದೆ, ತೀರಿದ ಸಾಲವು ಅಲ್ಲಿ ಇನ್ನೂ ಉಳಿದಿದೆಯೇ. ೧೨ನೆಯದರಲ್ಲಿ ಸಾಗುವಳಿದಾರನೆಂದು ಯಾರನ್ನು ತೋರಿಸಿದೆ, ಬೆಳೆ ಸರಿಯಾಗಿದೆಯೇ. ಈ ಮೂರನ್ನು ಓದಲು ಬಂದ ತರುಣನನ್ನು ಮೋಸಗೊಳಿಸುವುದು ಸುಲಭವಲ್ಲ. ಬೇಸಗೆಯಲ್ಲಿ ಒಂದು ದಿನ ಅವನನ್ನು ಕರೆದುಕೊಂಡು ಜಮೀನಿನ ಸುತ್ತಲೂ ನಡೆದು ಪ್ರತಿಯೊಂದು ಬಾಂದುಕಲ್ಲನ್ನೂ ಮುಟ್ಟಿಸಿರಿ. ನೆರೆಯವರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಸಾಲವನ್ನು ಕಟ್ಟಲು ಸಂಘಕ್ಕೆ ಹೋಗುವಾಗ, ಮಂಡಿಯಲ್ಲಿ ಬಿಲ್ಲು ತೀರಿಸಿಕೊಳ್ಳುವಾಗ ಅವನೂ ಪಕ್ಕದಲ್ಲಿರಲಿ. ಕೊಡತಕ್ಕ ಬರತಕ್ಕ ಬಾಬುಗಳನ್ನು ವರ್ಷಕ್ಕೊಮ್ಮೆ ಒಂದು ಹಾಳೆಯ ಮೇಲೆ ಬರೆದು, ಮನೆಯವರೆಲ್ಲರ ಮುಂದೆ ಓದುವುದು ಅತ್ಯುತ್ತಮ. ಮನೆಯಾಕೆಯೂ ಇದನ್ನು ಕೇಳತಕ್ಕದ್ದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

‘ಹೀಗೆಲ್ಲ ತಿಳಿಸಿದರೆ ನಾಳೆಯೇ ಹಿಸ್ಸೆ ಕೇಳುವನು’ ಎಂಬ ಭಯವು ಅನೇಕ ತಂದೆಗಳಿಗೆ ಇರುವುದನ್ನು ಬಲ್ಲೆನು. ಈ ಭಯವು ಪೂರ್ತಿ ನಿರಾಧಾರವೆಂದು ಹೇಳಲಾರೆ. ಅರ್ಧ ಎಕರೆಯನ್ನು ಪಡೆದು ಮೂರು ಎಕರೆಗೆ ದಾವೆ ಹೂಡಿದವನೂ ಎಲ್ಲೋ ಒಬ್ಬನು ಇದ್ದಾನು. ಆದರೆ ನನ್ನ ಅನುಭವದಲ್ಲಿ ಹಿಸ್ಸೆಯ ಮೊಕದ್ದಮೆಗಳ ಮೂಲವು ಹೆಚ್ಚಾಗಿ ತಿಳಿವಳಿಕೆಯಲ್ಲ, ಸಂಶಯ. ಅಣ್ಣನಿಗೆ ಏನು ಹೋಯಿತು, ಅಪ್ಪನು ಯಾರಿಗೆ ಬರೆದುಕೊಟ್ಟನು ಎಂಬುದು ತಿಳಿಯದಿದ್ದಾಗ ಮನಸ್ಸು ಕೆಟ್ಟದ್ದನ್ನೇ ಊಹಿಸುವುದು. ಇಬ್ಬರು ಗಂಡುಮಕ್ಕಳಿದ್ದರೆ ಇಬ್ಬರಿಗೂ ಸಮನಾದ ತುಂಡನ್ನು, ಇಬ್ಬರಿಗೂ ಹದಿನಾರನೆಯ ವರ್ಷದಲ್ಲಿಯೇ ಕೊಡಿರಿ. ಜಾಣನಿಗೆ ದೊಡ್ಡದು, ಮಂದನಿಗೆ ಚಿಕ್ಕದು ಎಂದು ಮಾಡಬೇಡಿರಿ. ಇದು ಸಾಗುವಳಿಗೆ ಬಿಟ್ಟುದೇ ಹೊರತು ಭಾಗವಲ್ಲವೆಂಬುದನ್ನು ಪುಸ್ತಕದಲ್ಲಿಯ ಮೊದಲನೆಯ ಪುಟದಲ್ಲಿ ಬರೆದಿಡಿರಿ. ಮಗನು ಕಡೆಗೆ ಬೇಸಾಯವನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋದರೂ ಈ ಶ್ರಮವು ವ್ಯರ್ಥವಲ್ಲ. ಜಮೀನನ್ನು ತಿಳಿದು ಹೊರಟವನು ಪಟ್ಟಣದಲ್ಲಿದ್ದುಕೊಂಡೂ ಅದನ್ನು ಕಾಪಾಡಬಲ್ಲನು. ತಿಳಿಯದೆ ಹೊರಟವನು ಮೊದಲು ಬಂದ ದಲ್ಲಾಳಿಗೆ ಮಾರುವನು.

ಊರ ಮುಖಂಡರು ಮಾಡಬಹುದಾದ ಒಂದು ಕೆಲಸವುಂಟು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಗ್ರಾಮಸಭೆಯ ಸದಸ್ಯನು; ಎಂದರೆ ಹದಿನೆಂಟು ದಾಟಿದ ಮತದಾರ ತರುಣನಿಗೆ ಅಲ್ಲಿ ಕುಳಿತುಕೊಳ್ಳುವ ಹಕ್ಕು ನಿಮ್ಮಷ್ಟೇ ಇದೆ. ಆದರೆ ಅವನು ಮಾತನಾಡಲು ಎದ್ದರೆ ‘ನಿಮ್ಮಪ್ಪನನ್ನು ಕಳುಹಿಸು’ ಎನ್ನುವ ಪದ್ಧತಿಯು ಹಲವು ಊರುಗಳಲ್ಲಿ ಉಳಿದಿದೆ. ಕೆರೆಯ ಹೂಳು, ತೂಬಿನ ದುರಸ್ತಿ ಮುಂತಾದ ಒಂದು ಕೆಲಸದ ಅಳತೆಯನ್ನೂ ಲೆಕ್ಕವನ್ನೂ ಊರಿನ ನಾಲ್ಕು ಮಂದಿ ತರುಣರಿಗೆ ಒಪ್ಪಿಸಿ, ಮುಂದಿನ ಸಭೆಯಲ್ಲಿ ಅವರಿಂದಲೇ ಓದಿಸಿ ನೋಡಿರಿ. ಅರಳಿಕಟ್ಟೆಯ ಮೇಲೆ ಹೊತ್ತು ಕಳೆಯುವರೆಂದು ನಾವು ದೂರುತ್ತಿರುವ ಹುಡುಗರಲ್ಲಿಯೇ ಈ ನಾಲ್ವರು ಸಿಕ್ಕುವರು.

ಆರಂಭಿಸುವ ಕಾಲವು ಯಾವುದೆಂದರೆ, ಯುಗಾದಿಯ ಹೊನ್ನಾರಿಗೆ ಮುಂಚೆಯೇ ತುಂಡನ್ನು ಗೊತ್ತುಮಾಡುವುದು ಮೇಲು; ಹೊನ್ನಾರಿನ ದಿನ ಆ ತುಂಡಿನ ಮೊದಲನೆಯ ಸಾಲನ್ನು ಮಗನೇ ಹೂಡಲಿ. ಮಣ್ಣಿನ ಪರೀಕ್ಷೆಗೆ ಮಾದರಿಯನ್ನು ಬೇಸಗೆಯಲ್ಲಿಯೇ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಡಲಿ. ಮೊದಲನೆಯ ವರ್ಷಕ್ಕೆ ಮಳೆಯಾಶ್ರಯದ ರಾಗಿಗಿಂತ ಒಳ್ಳೆಯ ಗುರುವಿಲ್ಲ. ಖರ್ಚು ಕಡಮೆ, ಮಾಡಬೇಕಾದ ಕೆಲಸಗಳು ಕ್ರಮವಾಗಿ ಒಂದಾದ ಮೇಲೊಂದು ಬರುವುವು, ಬೆಲೆ ಬಿದ್ದರೂ ತಿನ್ನುವುದಕ್ಕೆ ಉಳಿಯುವುದು. ಬೆಂಕಿರೋಗವನ್ನು ತಡೆಯುವ ಜಿ.ಪಿ.ಯು. ೨೮ ತಳಿಯು ಸುಮಾರು ೧೧೦ರಿಂದ ೧೧೫ ದಿನಗಳಲ್ಲಿ ಕೊಯ್ಲಿಗೆ ಬರುವುದು. ಆಷಾಢದ ಹದ ನೋಡಿಕೊಂಡು ಕೂರಿಗೆಯಲ್ಲಿ ಸಾಲಿನಿಂದ ಸಾಲಿಗೆ ಒಂದು ಅಡಿ ಬಿಟ್ಟು ಬಿತ್ತಿದರೆ ಎಕರೆಗೆ ನಾಲ್ಕು ಕಿಲೋ ಬೀಜವು ಸಾಕು. ಲೆಕ್ಕಕ್ಕೆ ಗೆರೆ ಹೊಡೆದ ಸಾಮಾನ್ಯ ನೋಟುಪುಸ್ತಕವೇ ಆದೀತು. ಮೊದಲನೆಯ ಪುಟದಲ್ಲಿ ಸರ್ವೆ ನಂಬರು, ಚೆಕ್ಕುಬಂದಿ, ವಿಸ್ತೀರ್ಣ ಅರ್ಧ ಎಕರೆ ಎಂದು ಬರೆದು ತಂದೆಯೂ ಮಗನೂ ಇಬ್ಬರೂ ರುಜು ಹಾಕಲಿ. ಎರಡನೆಯ ಪುಟದ ಎಡಗಡೆ, ಖರ್ಚಿನ ಬಾಬಿನಲ್ಲಿ, ಮೊದಲನೆಯ ಪಂಕ್ತಿಯು ಹೀಗಿರಲಿ: ಮನೆಯಿಂದ ಸಾಲವಾಗಿ ತಂದ ಬಿತ್ತನೆ ರಾಗಿ, ಎರಡು ಕಿಲೋ.